ತೋಟದಲ್ಲಿ ಆದ ಆ ಅನುಭವ: ಕಾಯಿಲೆಯಾ, ಜಾಗೃತಿಯಾ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ. ನನಗೆ 44 ವರ್ಷ. ಕಳೆದ ವರ್ಷ ಜುಲೈ ಮಳೆಯಲ್ಲಿ ಅಪ್ಪ ತೀರಿಕೊಂಡರು. ಬೆಂಗಳೂರಿನ ಕೆಲಸ ಬಿಟ್ಟು ಬಂದು ಎಂಟು ಎಕರೆ ರೊಬಸ್ಟಾ ಕಾಫಿ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ. ಮನೆಯವರು ಬೆಂಗಳೂರಿನಲ್ಲಿದ್ದಾರೆ, ಶನಿವಾರ ಭಾನುವಾರ ಬರುತ್ತಾರೆ. ಮಗ ಮೈಸೂರಿನ ಹಾಸ್ಟೆಲ್‌ನಲ್ಲಿದ್ದಾನೆ. ಅಕ್ಟೋಬರ್‌ನಿಂದ ಎದೆ ಡವಡವ, ಕೈ ನಡುಕ, ರಾತ್ರಿ ಭಯ ಶುರುವಾಯಿತು. ಮೈಸೂರಿನ ಮನೋವೈದ್ಯರು ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ, ರಾತ್ರಿ ಕ್ಲೋನಾಜೆಪಾಮ್ 0.5 ಕೊಟ್ಟರು. ಭಯ ಕಡಿಮೆಯಾಯಿತು.

ಮಾರ್ಚ್‌ನಲ್ಲಿ ಹೂ ಮಳೆ ಬಿದ್ದು ಒಂದು ವಾರಕ್ಕೆ ತೋಟವೆಲ್ಲ ಬೆಳ್ಳಗಾಗಿತ್ತು. ಬೆಳಿಗ್ಗೆ ಒಬ್ಬಳೇ ಹೋಗಿ ನಿಂತಿದ್ದೆ. ಇದ್ದಕ್ಕಿದ್ದಂತೆ ಗಿಡ, ಜೇನುಹುಳದ ಸದ್ದು, ನಾನು, ಯಾವುದೂ ಬೇರೆ ಅಲ್ಲ ಅನ್ನಿಸಿತು. 'ನಾನು' ಅನ್ನೋದೇ ಇರಲಿಲ್ಲ. ಹತ್ತು ನಿಮಿಷ ಇರಬಹುದು. ಆಮೇಲೆ ತುಂಬಾ ಅತ್ತೆ, ಆದರೆ ದುಃಖಕ್ಕಲ್ಲ. ಮೂರು ನಾಲ್ಕು ದಿನ ಮೈ ಹಗುರವಾಗಿತ್ತು. ಆಮೇಲೆ ಎಲ್ಲಾ ಖಾಲಿ. ಈಗ ಎರಡು ತಿಂಗಳಿಂದ ಲೆಕ್ಕದ ಪುಸ್ತಕ ತೆಗೆಯಲೂ ಮನಸ್ಸಿಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ. ಸಂಜೆ ಜಗಲಿಯ ಐಮರದ (ಕೂರುವ ಹಲಗೆಯ) ಕಡೆಯಿಂದ ಅಪ್ಪ ಕೆಮ್ಮಿದ ಹಾಗೆ ಕೇಳಿಸುತ್ತದೆ.

ಮನೆಯವರು 'ನಿಂಗೆ ತಲೆ ಕೆಟ್ಟಿದೆ' ಅನ್ನುತ್ತಾರೆ. ಚಿಕ್ಕಪ್ಪನ ಮಗಳು 'ಇದು ಜಾಗೃತಿ ಅಕ್ಕ' ಅನ್ನುತ್ತಾಳೆ. ಮಡಿಕೇರಿ ಹತ್ತಿರದ ಒಂದು ಹೋಂಸ್ಟೇಯಲ್ಲಿ ಮೂರು ದಿನದ 'ಟ್ರಾನ್ಸ್‌ಪರ್ಸನಲ್ ಥೆರಪಿ' ಶಿಬಿರ ಇದೆಯಂತೆ. ಉಸಿರಾಟದ ಸೆಷನ್, ಪೂರ್ವಜನ್ಮ ತೋರಿಸುವುದು, ಎಲ್ಲಾ ಸೇರಿ 28,000 ರೂಪಾಯಿ. ಮಾತ್ರೆ ಶಕ್ತಿಯನ್ನು ತಡೆಯುತ್ತದೆ, ಒಂದು ವಾರ ಮೊದಲೇ ನಿಲ್ಲಿಸಿ ಬನ್ನಿ ಅಂತ ನಡೆಸುವವರು ಫೋನಿನಲ್ಲಿ ಹೇಳಿದರು. 5,000 ಮುಂಗಡ ಕೊಟ್ಟಿದ್ದೇನೆ. ಹೋಗಬಹುದಾ? ಈ ಥೆರಪಿ ನಿಜವಾದ ಚಿಕಿತ್ಸೆಯಾ, ಮೋಸವಾ? ನನಗೆ ಆದದ್ದು ಏನು? ಅಪ್ಪನ ಬೀರು ಇನ್ನೂ ತೆಗೆದಿಲ್ಲ. ಇದು ಸುಮ್ನೆ ಬರೆದೆ.

ಉತ್ತರ: ಎಲ್ಲಕ್ಕಿಂತ ಮೊದಲು, ಮಾತ್ರೆ ನಿಲ್ಲಿಸಬೇಡಿ. ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಮಾತ್ರೆ ಬರೆಯುವ ಅಧಿಕಾರ ನನಗಿಲ್ಲ. ಪತ್ರ ಓದಿ ಕಾಯಿಲೆಯ ಹೆಸರು ಹೇಳುವುದೂ ಸರಿಯಲ್ಲ. ಆದರೆ ನಿಮ್ಮ ಪತ್ರದಲ್ಲಿ ಬೇರೆ ಬೇರೆ ಮೂರು ಸಂಗತಿಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ತೋಟದಲ್ಲಿ ಆದ ಆ ಹತ್ತು ನಿಮಿಷ ಒಂದು. ಅಪ್ಪ ಇಲ್ಲದ್ದು ಇನ್ನೊಂದು. ಈ ಎರಡು ತಿಂಗಳ ಖಾಲಿತನ, ನಿದ್ದೆ ಇಲ್ಲದ್ದು ಮೂರನೆಯದು. ನಿಮ್ಮ ಮನೆಯವರು ಮೂರನ್ನೂ ಸೇರಿಸಿ 'ಹುಚ್ಚು' ಅನ್ನುತ್ತಿದ್ದಾರೆ, ತಂಗಿ ಮೂರನ್ನೂ ಸೇರಿಸಿ 'ಜಾಗೃತಿ' ಅನ್ನುತ್ತಿದ್ದಾಳೆ. ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ ಅನ್ನಿಸುತ್ತದೆ ನನಗೆ.

ಆ ಹತ್ತು ನಿಮಿಷದಿಂದಲೇ ಶುರು ಮಾಡುತ್ತೇನೆ. ಅದು ಹುಚ್ಚಲ್ಲ. ಇಂಥ ಅನುಭವಗಳು ಆರೋಗ್ಯವಂತರಿಗೂ ಆಗುತ್ತವೆ, ಪೂಜೆ ಧ್ಯಾನ ಯಾವುದೂ ಮಾಡದವರಿಗೂ ಆಗುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲೇ ಇವುಗಳ ಲಕ್ಷಣ ಬರೆದಿಟ್ಟರು. ಮಾತಿಗೆ ಸಿಗುವುದಿಲ್ಲ, ಏನೋ ದೊಡ್ಡ ಸತ್ಯ ತಿಳಿದ ಹಾಗಿರುತ್ತದೆ, ಬೇಗ ಮುಗಿದುಹೋಗುತ್ತದೆ, ನಾವಾಗಿ ತರಿಸಿಕೊಂಡದ್ದಲ್ಲ, ತಾನಾಗಿ ಬಂತು ಅನ್ನಿಸುತ್ತದೆ. ನಿಮ್ಮ ಪತ್ರದಲ್ಲಿ ಈ ನಾಲ್ಕೂ ಇವೆ. ಅಬ್ರಹಾಂ ಮಾಸ್ಲೊ ಇವನ್ನು ಶಿಖರದ ಅನುಭವಗಳು ಎಂದು ಕರೆದರು. ಸಂತರಿಗೆ ಮಾತ್ರ ಸಿಗುವಂಥದ್ದಲ್ಲ, ಸಾಮಾನ್ಯ ಜನರಿಗೂ ಆಗುತ್ತದೆ ಎಂದು ಒತ್ತಿ ಹೇಳಿದವರು ಅವರು.

ನನ್ನ ಹತ್ತಿರ ಬರುವವರೂ ಇಂಥದ್ದನ್ನು ಹೇಳುತ್ತಾರೆ. ಹೆಚ್ಚಾಗಿ ಎದ್ದು ಹೊರಡುವ ಹೊತ್ತಿಗೆ, ಬಾಗಿಲ ಹತ್ತಿರ ನಿಂತು, 'ಇನ್ನೊಂದು ವಿಷಯ ಮೇಡಂ, ನಗಬೇಡಿ' ಅಂತ. ತಲಕಾವೇರಿಯಲ್ಲಿ ತೀರ್ಥೋದ್ಭವದ ಹೊತ್ತಿಗೆ ಆದವರಿದ್ದಾರೆ. ಹೆರಿಗೆಯಾದ ಮೇಲೆ ಆದವರಿದ್ದಾರೆ. ಒಬ್ಬರಿಗೆ ಒಳ್ಳೆಮೆಣಸು ಕೊಯ್ಯುತ್ತಾ ಏಣಿ ಮೇಲೆ ನಿಂತಿದ್ದಾಗ ಆಗಿತ್ತು, ಇಳಿದು ಬಂದು ಕಾಫಿ ಕುಡಿದರಂತೆ, ಅಷ್ಟೇ. ಬಹಳ ಜನ ಅದನ್ನು ಯಾರಿಗೂ ಹೇಳದೆ ಜೋಪಾನ ಮಾಡಿ ಇಟ್ಟುಕೊಳ್ಳುತ್ತಾರೆ. ಏನೂ ತೊಂದರೆಯಾಗುವುದಿಲ್ಲ.

ಹಾಗಾದರೆ ಡಾಕ್ಟರುಗಳು ಇಂಥದ್ದನ್ನು ಯಾಕೆ ಕೆದಕಿ ಕೇಳುತ್ತಾರೆ? ಮೇಲೆ ನೋಡಲು ಹೀಗೇ ಕಾಣುವ ಬೇರೆ ಸಂಗತಿಗಳೂ ಇವೆ, ಅದಕ್ಕೆ. ಅಪಸ್ಮಾರದ ಒಂದು ವಿಧದಲ್ಲಿ ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದವರೆಗೆ ಪರಮಾನಂದ ಬರುವುದುಂಟು. ಆದರೆ ಅದು ಮತ್ತೆ ಮತ್ತೆ, ಪ್ರತಿ ಸಲ ಅದೇ ರೀತಿ ಬರುತ್ತದೆ. ನಿಮಗೆ ಒಂದೇ ಸಲ, ಹತ್ತು ನಿಮಿಷ ಆಗಿದೆ. ಅದರ ಸಾಧ್ಯತೆ ಕಡಿಮೆ. ನಾನು ಜಾಸ್ತಿ ಕೇಳಬೇಕೆಂದಿರುವುದು ಆಮೇಲಿನ 'ಮೂರು ನಾಲ್ಕು ದಿನ ಹಗುರ' ಬಗ್ಗೆ. ಆ ದಿನಗಳಲ್ಲಿ ರಾತ್ರಿ ಮೂರೇ ಗಂಟೆ ಮಲಗಿದರೂ ದಣಿವೇ ಆಗಲಿಲ್ಲವಾ? ಮಾತು ಜೋರಾಗಿತ್ತಾ? ಪಕ್ಕದ ತೋಟ ಕೊಳ್ಳಬೇಕು, ಹೋಂಸ್ಟೇ ಕಟ್ಟಬೇಕು ಅಂತ ಯಾರಿಗಾದರೂ ಫೋನ್ ಮಾಡಿದಿರಾ? ಹೌದು ಎಂದಾದರೆ ಅದನ್ನು ನಿಮ್ಮ ಮನೋವೈದ್ಯರಿಗೆ ಹೇಳಲೇಬೇಕು. ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಒಳಗೇ ಇರುವ ಕೆಲವರಲ್ಲಿ ಎಸ್ಸಿಟಾಲೋಪ್ರಾಮ್‌ನಂಥ ಮಾತ್ರೆ ಉನ್ಮಾದವನ್ನು ಹೊರಗೆ ತರಬಹುದು. ಮನೆತನದಲ್ಲಿ ಯಾರಿಗಾದರೂ ಹಾಗೆ ಆಗಿತ್ತಾ ಎನ್ನುವುದನ್ನೂ ಹೇಳಿ. ಬರೀ ಮನಸ್ಸು ತಿಳಿಯಾಗಿತ್ತು, ರಾತ್ರಿ ಚೆನ್ನಾಗಿ ನಿದ್ದೆ ಬಂತು, ತೋಟದ ಕೆಲಸ ಎಂದಿನಂತೆ ನಡೆಯಿತು ಎಂದಾದರೆ ಹೆದರಬೇಡಿ.

ಅಪ್ಪನ ಕೆಮ್ಮಿನ ವಿಷಯ. ಭಯವಾಗುತ್ತದೆ ಎಂದು ನೀವು ಎಲ್ಲೂ ಬರೆದಿಲ್ಲ, ಗಮನಿಸಿದೆ. 1971ರಲ್ಲಿ ಬ್ರಿಟನ್ನಿನ ವೇಲ್ಸ್‌ನ ಹಳ್ಳಿಗಾಡಿನ ವೈದ್ಯ ಡ್ಯೂಯಿ ರೀಸ್ ಒಂದು ಅಧ್ಯಯನ ಪ್ರಕಟಿಸಿದರು. ಗಂಡ ಅಥವಾ ಹೆಂಡತಿ ತೀರಿಕೊಂಡ 293 ಜನರನ್ನು ಮಾತಾಡಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನ, ಸತ್ತವರು ಹತ್ತಿರವೇ ಇದ್ದ ಹಾಗೆ ಆಗಿದೆ, ಕಂಡ ಹಾಗೆ, ಕೇಳಿದ ಹಾಗೆ ಆಗಿದೆ ಎಂದರು. ಹೆಚ್ಚಿನವರು ಅದನ್ನು ಅಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ಎಷ್ಟೋ ಜನಕ್ಕೆ ಅದರಿಂದ ಸಮಾಧಾನವೇ ಆಗಿತ್ತು. ನೀವಂತೂ ಕಾರಣರಿಗೆ ಮೀದಿ, ಅಂದರೆ ತೀರಿಹೋದ ಹಿರಿಯರಿಗೆ ಎಡೆ, ಇಡುವ ಮನೆಯಲ್ಲಿ ಬೆಳೆದವರು. ಹೋದವರು ಪೂರ್ತಿ ಹೋಗುವುದಿಲ್ಲ ಎನ್ನುವುದು ನಿಮಗೆ ಹೊಸ ಮಾತಲ್ಲ. ಅಪ್ಪ ವರ್ಷಗಟ್ಟಲೆ ಸಂಜೆ ಕೂತ ಜಾಗದಿಂದ, ಅದೇ ಹೊತ್ತಿಗೆ ಕೆಮ್ಮು ಕೇಳಿಸಿದರೆ ಅದಕ್ಕೆ ಕಾಯಿಲೆಯ ಹಣೆಪಟ್ಟಿ ಹಚ್ಚಲು ನಾನು ಅವಸರ ಮಾಡುವುದಿಲ್ಲ. ಆ ಧ್ವನಿ ನಿಮಗೆ ಆಜ್ಞೆ ಕೊಡಲು ಶುರು ಮಾಡಿದರೆ, ಬೈದರೆ, 'ನೀನೂ ಬಾ' ಎಂದರೆ ಮಾತ್ರ ಅದು ಬೇರೆ ವಿಷಯ. ಆಗ ಕಾಯಬಾರದು, ಅದೇ ದಿನ ಡಾಕ್ಟರನ್ನು ನೋಡಬೇಕು.

ಮೂರನೆಯದರ ಬಗ್ಗೆ ನನಗೆ ಜಾಸ್ತಿ ಚಿಂತೆ. ಇಷ್ಟು ದೊಡ್ಡ ಅನುಭವದ ಬಗ್ಗೆ ಬರೆದ ಪತ್ರದಲ್ಲಿ 'ಬೆಳಗಿನ ಜಾವ ಮೂರಕ್ಕೇ ಎಚ್ಚರ', 'ಲೆಕ್ಕದ ಪುಸ್ತಕ ತೆಗೆಯಲೂ ಮನಸ್ಸಿಲ್ಲ' ಎನ್ನುವ ಎರಡು ಸಾಲುಗಳು ಸಣ್ಣದಾಗಿ ಕಾಣುತ್ತವೆ. ನಾನು ಮೊದಲು ಹಿಡಿದುಕೊಳ್ಳುವುದು ಅವನ್ನೇ. ಹೊತ್ತಿಗೆ ಮುಂಚೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ದಿನನಿತ್ಯದ ಕೆಲಸ ಬೇಡವಾಗುವುದು, ಎರಡು ತಿಂಗಳು ಹೀಗೇ ಇರುವುದು ಖಿನ್ನತೆಯ ಲಕ್ಷಣ ಆಗಿರಬಹುದು. ದುಃಖ ಮುಗಿಯದೆ ಗಟ್ಟಿಯಾಗಿ ಕೂತಿರಲೂಬಹುದು. ಎರಡೂ ಒಟ್ಟಿಗೆ ಇರಲೂಬಹುದು. ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್, ಮುಟ್ಟು ನಿಲ್ಲುವ ಮುಂಚಿನ ಹಾರ್ಮೋನುಗಳ ಏರುಪೇರು, ರಕ್ತ ಕಡಿಮೆ ಇರುವುದು ಇವೂ ನಿದ್ದೆ, ಮನಸ್ಸು ಎರಡನ್ನೂ ಕೆಡಿಸುತ್ತವೆ. ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಜಾಗೃತಿಯ ಬಗ್ಗೆ ಎಷ್ಟು ಮಾತಾಡಿದರೂ ಥೈರಾಯ್ಡ್ ಸರಿಹೋಗುವುದಿಲ್ಲ, ಅಲ್ವಾ.

ಜೊತೆಗೆ ಜುಲೈ ಹತ್ತಿರ ಬರುತ್ತಿದೆ. ವರ್ಷ ತುಂಬುವ ಹೊತ್ತಿಗೆ, ಅದೇ ಮಳೆಯ ಸದ್ದು, ಅದೇ ಕತ್ತಲೆ ಬಂದಾಗ ದುಃಖ ಮತ್ತೆ ಏಳುವುದು ತೀರಾ ಸಾಮಾನ್ಯ. ಕೊಡಗಿನ ಮಳೆಗಾಲ ಆರೋಗ್ಯವಂತರನ್ನೂ ಕುಗ್ಗಿಸುತ್ತದೆ. ವಾರಗಟ್ಟಲೆ ಬಿಸಿಲಿಲ್ಲ, ಕರೆಂಟಿಲ್ಲ, ದೊಡ್ಡ ಮನೆಯಲ್ಲಿ ಒಬ್ಬರೇ. ಈ ಸಲ ಆ ವಾರ ಒಬ್ಬರೇ ಇರದ ಹಾಗೆ ಈಗಿನಿಂದಲೇ ನೋಡಿಕೊಳ್ಳಿ.

ಈಗ ಥೆರಪಿಯ ಮಾತಿಗೆ ಬರೋಣ. ಟ್ರಾನ್ಸ್‌ಪರ್ಸನಲ್ ಸೈಕಾಲಜಿ ಮೋಸವಲ್ಲ. 1960ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಮಾಸ್ಲೊ, ಆಂಥೊನಿ ಸುಟಿಚ್, ಸ್ಟಾನಿಸ್ಲಾವ್ ಗ್ರೋಫ್ ಮುಂತಾದವರು ಸೇರಿ ಶುರು ಮಾಡಿದ ಧಾರೆ ಅದು. 1969ರಲ್ಲಿ ಅದಕ್ಕೊಂದು ಪತ್ರಿಕೆಯೂ ಬಂತು. ಆಗಿನ ಮನಶ್ಶಾಸ್ತ್ರದ ಬಗ್ಗೆ ಅವರಿಗೊಂದು ದೂರಿತ್ತು. ಕಾಯಿಲೆಯ ಬಗ್ಗೆ ಬೇಕಾದಷ್ಟು ಮಾತಾಡುತ್ತೀರಿ, ಮನುಷ್ಯ ತನ್ನನ್ನೇ ಮೀರಿದ ಹಾಗೆ ಅನುಭವಿಸುವ ಕ್ಷಣಗಳಿಗೆ ಮಾತ್ರ ನಿಮ್ಮಲ್ಲಿ ಜಾಗ ಇಲ್ಲ ಎಂದು. ಧ್ಯಾನ, ಯೋಗ, ಬೌದ್ಧ ಚಿಂತನೆ ಎಲ್ಲದರಿಂದಲೂ ಅವರು ಪಡೆದುಕೊಂಡರು. ನಮ್ಮ ಊರಿನ ಸರಕೇ ಸಮುದ್ರ ದಾಟಿ, ಇಂಗ್ಲಿಷ್ ಹೆಸರಿಟ್ಟುಕೊಂಡು, 28,000 ರೂಪಾಯಿಗೆ ಮಡಿಕೇರಿಗೆ ವಾಪಸ್ ಬಂದಿದೆ ಎಂದು ಕೆಲವೊಮ್ಮೆ ನಗು ಬರುತ್ತದೆ.

ಈ ಧಾರೆಯಿಂದ ಒಳ್ಳೆಯದೂ ಆಗಿದೆ. ಇದರ ಒಲವಿದ್ದ ವೈದ್ಯರ ಪ್ರಯತ್ನದಿಂದ 1994ರಲ್ಲಿ ಅಮೆರಿಕದ ಮನೋರೋಗ ಕೈಪಿಡಿಯಲ್ಲಿ 'ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ' ಎಂಬ ವಿಭಾಗ ಸೇರಿತು. ಅದನ್ನು ಕಾಯಿಲೆಗಳ ಸಾಲಿನಲ್ಲಿ ಇಟ್ಟಿಲ್ಲ. ವೈದ್ಯರು ಗಮನ ಕೊಡಬೇಕಾದ, ಆದರೆ ಕಾಯಿಲೆಯಲ್ಲದ ವಿಷಯ ಎಂದು ಇಟ್ಟಿದ್ದಾರೆ. ನಿಮ್ಮ ಮನೆಯವರಿಗೆ ಬೇಕಿದ್ದರೆ ಇದನ್ನು ತೋರಿಸಿ.

ಒಳ್ಳೆಯ ಟ್ರಾನ್ಸ್‌ಪರ್ಸನಲ್ ಥೆರಪಿಸ್ಟ್ ಮಾಡುವ ಕೆಲಸ ನೋಡಲು ಏನೂ ಚಮತ್ಕಾರ ಅಲ್ಲ. ಎದುರು ಕೂತು ಮಾತಾಡುತ್ತಾರೆ. ಆ ಅನುಭವವನ್ನು ಕೇಳುತ್ತಾರೆ, ಗೇಲಿ ಮಾಡುವುದಿಲ್ಲ, ಹೊಗಳಿ ಅಟ್ಟಕ್ಕೂ ಏರಿಸುವುದಿಲ್ಲ. ಅದರಿಂದ ನಿಮ್ಮ ಸಂಬಂಧ, ಕೆಲಸ, ದುಃಖದಲ್ಲಿ ಏನು ಬದಲಾಗಿದೆ ಎಂದು ವಾರ ವಾರ ಒಟ್ಟಿಗೆ ನೋಡುತ್ತಾರೆ. ಹೂ ಬಂದರೆ ಸಾಲದು, ಕಾಯಿ ಕಟ್ಟಲು ಆಮೇಲೆ ಇನ್ನೊಂದು ಮಳೆ, ಬ್ಯಾಕಿಂಗ್ ಮಳೆ, ಬೇಕು ಎಂದು ತೋಟದವರಿಗೆ ನಾನು ಹೇಳಬೇಕಾಗಿಲ್ಲ. ಆ ನಿಧಾನದ ಕೆಲಸ ಮೂರು ದಿನದ ಶಿಬಿರದಲ್ಲಿ ಆಗುವಂಥದ್ದಲ್ಲ.

ಇನ್ನೊಂದು ಮಾತೂ ಹೇಳಬೇಕು. ಖಿನ್ನತೆ, ಪ್ಯಾನಿಕ್ (ಇದ್ದಕ್ಕಿದ್ದಂತೆ ಏರುವ ತೀವ್ರ ಭಯ) ಇವುಗಳಿಗೆ ಟ್ರಾನ್ಸ್‌ಪರ್ಸನಲ್ ವಿಧಾನಗಳು ಕೆಲಸ ಮಾಡುತ್ತವೆ ಎಂದು ತೋರಿಸುವ ಗಟ್ಟಿ ಪರೀಕ್ಷೆಗಳು ಕಡಿಮೆ. ಆಲೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಸಿಬಿಟಿಗೆ, ಖಿನ್ನತೆ ಮರುಕಳಿಸದ ಹಾಗೆ ತಡೆಯುವ ಮೈಂಡ್‌ಫುಲ್‌ನೆಸ್ (ಈ ಕ್ಷಣವನ್ನು ಗಮನಿಸುವ ಅಭ್ಯಾಸ) ಆಧಾರಿತ ಥೆರಪಿಗೆ ಪುರಾವೆ ಚೆನ್ನಾಗಿದೆ. ಹಾಗಾಗಿ ನಾನು ಮೊದಲು ಹೇಳುವುದು ಇವನ್ನು. ಆಧ್ಯಾತ್ಮಿಕ ಅನುಭವವನ್ನು ಗೌರವದಿಂದ ಕೇಳುವ ಗುಣ ಯಾವ ಥೆರಪಿಸ್ಟ್‌ಗೂ ಇರಬಹುದು, ಅದಕ್ಕೆ ಬೋರ್ಡ್ ಮೇಲೆ ಟ್ರಾನ್ಸ್‌ಪರ್ಸನಲ್ ಎಂದು ಬರೆದಿರಬೇಕಾಗಿಲ್ಲ.

ಶಿಬಿರದಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ಹೇಳಿದ್ದಾರೋ ಇಲ್ಲವೋ. ಉಸಿರಾಟದ ಸೆಷನ್ ಎಂದರೆ ಬಹುಶಃ ಗ್ರೋಫ್ ಮತ್ತು ಅವರ ಪತ್ನಿ ಕ್ರಿಸ್ಟಿನಾ 1970ರ ದಶಕದಲ್ಲಿ ರೂಪಿಸಿದ ಹೊಲೊಟ್ರೋಪಿಕ್ ಉಸಿರಾಟ, ಇಲ್ಲ ಅದರ ಯಾವುದೋ ನಕಲು. ಗ್ರೋಫ್ ಪ್ರಾಗ್‌ನ ಮನೋವೈದ್ಯರು, ಮೊದಲು ಭ್ರಮೆ ತರಿಸುವ ಎಲ್‌ಎಸ್‌ಡಿ ಎಂಬ ಮದ್ದಿನ ಸಂಶೋಧನೆ ಮಾಡುತ್ತಿದ್ದರು. ಕಾನೂನು ಅದಕ್ಕೆ ಬಾಗಿಲು ಹಾಕಿದ ಮೇಲೆ ಮದ್ದಿಲ್ಲದೆ ಅಂಥ ಸ್ಥಿತಿ ತರುವ ದಾರಿ ಹುಡುಕಿದರು. ಚಾಪೆ ಮೇಲೆ ಕಣ್ಣು ಮುಚ್ಚಿ ಮಲಗಬೇಕು. ಜೋರಾಗಿ ಡೋಲು, ಸಂಗೀತ. ಎರಡು ಮೂರು ಗಂಟೆ ಆಳವಾಗಿ, ವೇಗವಾಗಿ ಉಸಿರಾಡಬೇಕು. ಪಕ್ಕದಲ್ಲಿ ನೋಡಿಕೊಳ್ಳಲು ಒಬ್ಬರು ಕೂತಿರುತ್ತಾರೆ.

ಆಗ ದೇಹದಲ್ಲಿ ಏನಾಗುತ್ತದೆ ಗೊತ್ತಾ? ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ತೇಲಿದ ಹಾಗಾಗುತ್ತದೆ, ಬಾಯಿಯ ಸುತ್ತ ಜುಮ್ಮೆನ್ನುತ್ತದೆ. ಬೆರಳುಗಳು ಒಂದಕ್ಕೊಂದು ಒತ್ತಿಕೊಂಡು ಮಣಿಕಟ್ಟು ಒಳಕ್ಕೆ ಬಾಗಿ ಸೆಟೆಯುತ್ತದೆ, ಬಿಡಿಸಲು ಹೋದರೂ ಬಿಚ್ಚುವುದಿಲ್ಲ. 'ನೋಡಿ, ಹಳೇ ನೋವು ಕೈಯಿಂದ ಹೊರಗೆ ಬರುತ್ತಿದೆ' ಎಂದು ಇದನ್ನೇ ತೋರಿಸುತ್ತಾರೆ. ಅದು ನೋವು ಹೊರಬರುವುದಲ್ಲ. ರಕ್ತ ಕ್ಷಾರದ ಕಡೆ ವಾಲಿ, ಸ್ನಾಯುಗಳಿಗೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾದಾಗ ಯಾರ ಕೈಯಾದರೂ ಹಾಗೆ ಸೆಟೆಯುತ್ತದೆ. ಪ್ಯಾನಿಕ್ ಬಂದಾಗ ನಿಮಗೂ ಇದರ ಸಣ್ಣ ರೂಪ ಆಗಿರಬೇಕು. ಎದೆ ಡವಡವ, ಕೈ ನಡುಕ ಎಂದು ಬರೆದವರು ನೀವೇ. ಆ ಸ್ಥಿತಿಯನ್ನೇ ದುಡ್ಡು ಕೊಟ್ಟು ಎರಡು ಗಂಟೆ ತರಿಸಿಕೊಳ್ಳುವುದು ಯಾಕೆ?

ಕೆಲವರಿಗೆ ಆ ಸೆಷನ್‌ನಲ್ಲಿ ಅಳು ಬಂದು ಹಗುರವಾಗುತ್ತದೆ ಎನ್ನುವುದೂ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲರಿಗೂ ಅಲ್ಲ. ಹೃದಯದ ಕಾಯಿಲೆ, ಬಿಪಿ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ, ಅಪಸ್ಮಾರ ಇರುವವರು, ಗರ್ಭಿಣಿಯರು, ತೀವ್ರ ಮಾನಸಿಕ ಕಾಯಿಲೆ ಇರುವವರು ಇದಕ್ಕೆ ಬರಬಾರದು ಎಂದು ಗ್ರೋಫ್ ಪದ್ಧತಿಯವರೇ ಹೇಳುತ್ತಾರೆ. ನಿಮಗೆ ಫೋನ್‌ನಲ್ಲಿ ಇವುಗಳಲ್ಲಿ ಒಂದನ್ನಾದರೂ ಕೇಳಿದರಾ? ಮಾತ್ರೆ ನಿಲ್ಲಿಸಿ ಎಂದು ಹೇಳಲು ಸಮಯವಿತ್ತು, ಬಿಪಿ ಎಷ್ಟಿದೆ ಎಂದು ಕೇಳಲು ಇರಲಿಲ್ಲ ಎಂದರೆ ಅಲ್ಲಿಗೇ ಗೊತ್ತಾಗುತ್ತದೆ.

ಕೊಡಗಿಗೇ ಸಂಬಂಧಿಸಿದ ಒಂದು ಎಚ್ಚರಿಕೆಯೂ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಗುಡ್ಡ ಕುಸಿದದ್ದನ್ನು ಕಣ್ಣಾರೆ ಕಂಡವರು ಇವತ್ತಿಗೂ ಜೋರು ಮಳೆ ಬಂದರೆ ರಾತ್ರಿ ಎದ್ದು ಕೂರುತ್ತಾರೆ. ಅಂಥವರನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಡೋಲು ಬಡಿದು, ಉಸಿರು ಏರಿಸಿದರೆ ಏನು ಎದ್ದು ಬರುತ್ತದೋ ಹೇಳಲಾಗದು. ಎದ್ದು ಬಂದದ್ದನ್ನು ಮತ್ತೆ ಮಲಗಿಸಲು ಭಾನುವಾರ ಸಂಜೆ ಕಾರು ಹತ್ತಿ ಹೋಗುವ ಫೆಸಿಲಿಟೇಟರ್, ಅಂದರೆ ಶಿಬಿರ ನಡೆಸುವವರು, ಇರುವುದಿಲ್ಲ. ನಿಮ್ಮ ಕುಟುಂಬಕ್ಕೆ ಆ ವರ್ಷ ಏನಾದರೂ ಆಗಿದ್ದರೆ ಇನ್ನೂ ಜಾಸ್ತಿ ಯೋಚಿಸಿ.

ಪೂರ್ವಜನ್ಮದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪುನರ್ಜನ್ಮ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಅರೆನಿದ್ದೆಯಲ್ಲಿ, ಇನ್ನೊಬ್ಬರು ಕೇಳುತ್ತಾ ಹೋದ ಹಾಗೆ ಕಣ್ಣೆದುರು ಬರುವ ಚಿತ್ರಗಳು ನೆನಪುಗಳೇ ಎನ್ನಲು ಆಧಾರವಿಲ್ಲ. ನೆನಪನ್ನು ಹೊರಗಿನಿಂದ ನೆಡಬಹುದು. ಎಲಿಜಬೆತ್ ಲಾಫ್ಟಸ್ ಎಂಬ ಮನಶ್ಶಾಸ್ತ್ರಜ್ಞೆ 1990ರ ದಶಕದಲ್ಲಿ ಇದನ್ನು ತೋರಿಸಿದರು. ಮನೆಯವರೇ ಹೇಳಿದ್ದು ಎಂದು ನಂಬಿಸಿ, ಚಿಕ್ಕಂದಿನಲ್ಲಿ ಅಂಗಡಿ ಸಾಲಿನಲ್ಲಿ ಕಳೆದುಹೋಗಿದ್ದಿರಿ ಎಂದು ಸುಳ್ಳು ಘಟನೆ ಕೊಟ್ಟಾಗ, 24 ಜನರಲ್ಲಿ 6 ಜನ ಅದು ಪೂರ್ತಿಯೋ ಸ್ವಲ್ಪವೋ ನೆನಪಿದೆ ಎಂದರು. ಅಪ್ಪನ ಸಾವಿಗೆ ಹಿಂದಿನ ಜನ್ಮದ ನಿಮ್ಮ ತಪ್ಪೇ ಕಾರಣ ಎಂದು ಯಾರಾದರೂ ನಿಮ್ಮ ತಲೆಗೆ ಹಾಕಿದರೆ ಅದನ್ನು ಕಿತ್ತು ಹಾಕಲು ವರ್ಷಗಳೇ ಬೇಕಾಗಬಹುದು.

ಶಿಬಿರದಲ್ಲಿ 'ಅಣಬೆ ಟೀ' ಅಂತ ಏನಾದರೂ ಕೈಗೆ ಕೊಟ್ಟರೆ ಬೇಡ ಎಂದು ಎದ್ದು ಬನ್ನಿ. ಎಲ್‌ಎಸ್‌ಡಿ, ಮತ್ತೇರಿಸುವ ಅಣಬೆಯಲ್ಲಿರುವ ಸೈಲೋಸಿಬಿನ್ ನಮ್ಮಲ್ಲಿ ಮಾದಕ ವಸ್ತುಗಳ ಬಗೆಗಿನ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ನಿಷಿದ್ಧ. ನೀವು ತೆಗೆದುಕೊಳ್ಳುವ ಮಾತ್ರೆಗಳ ಜೊತೆ ಯಾವ ಗುಟ್ಟಿನ ಮದ್ದೂ ಸುರಕ್ಷಿತ ಅಲ್ಲ.

ಮಾತ್ರೆ 'ಶಕ್ತಿಯನ್ನು ತಡೆಯುತ್ತದೆ' ಎನ್ನುವುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ತೋಟದ ಅನುಭವ ಆದಾಗ ನೀವು ಮಾತ್ರೆ ತೆಗೆದುಕೊಳ್ಳುತ್ತಿದ್ದಿರಿ. ತಡೆಯಲಿಲ್ಲವಲ್ಲ! ಎಸ್ಸಿಟಾಲೋಪ್ರಾಮ್ ಕೆಲವರಿಗೆ ಅಳುವೂ ಬಾರದ, ನಗುವೂ ಬಾರದ ಮಂಕುತನ ತರುವುದುಂಟು. ಹಾಗೆ ಅನ್ನಿಸಿದರೆ ಡಾಕ್ಟರಿಗೆ ಹೇಳಿದರೆ ಪ್ರಮಾಣ ಅಥವಾ ಮಾತ್ರೆ ಬದಲಿಸುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ ಎನ್ನುವುದು, ಸಿಡುಕು, ಕೆಟ್ಟ ಕನಸು ಬರಬಹುದು. ಕ್ಲೋನಾಜೆಪಾಮ್ ಇನ್ನೂ ಅಪಾಯ. ತಿಂಗಳುಗಟ್ಟಲೆ ತೆಗೆದುಕೊಂಡು ಹಠಾತ್ತಾಗಿ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಆ ಸ್ಥಿತಿಯಲ್ಲಿ ಹೋಗಿ ಉಸಿರಾಟದ ಸೆಷನ್‌ಗೆ ಮಲಗುವುದನ್ನು ಯೋಚಿಸಿ. ಕ್ಲೋನಾಜೆಪಾಮ್ ಬಹಳ ಕಾಲ ಮುಂದುವರಿಸುವ ಮಾತ್ರೆಯೂ ಅಲ್ಲ, ಅಭ್ಯಾಸವಾಗಿಬಿಡುತ್ತದೆ. ಹೇಗೆ ಇಳಿಸುತ್ತಾ ಬರುವುದು ಎಂದು ಮುಂದಿನ ಸಲ ನೀವೇ ಕೇಳಿ. ರಾತ್ರಿ ನಿದ್ದೆಗೆಂದು ಒಂದು ಪೆಗ್ ಹಾಕುವ ಅಭ್ಯಾಸ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ನಾಚಿಕೆ ಬೇಡ. ಈ ಮಾತ್ರೆಯ ಜೊತೆ ಮದ್ಯ ಸೇರಿದರೆ ಉಸಿರಾಟವೇ ಕುಗ್ಗಬಹುದು.

ಹಾಗಾದರೆ ನೀವೇನು ಮಾಡಬಹುದು? ನಾನಾಗಿದ್ದರೆ ಮೊದಲು ಮೈಸೂರಿನ ಅದೇ ಮನೋವೈದ್ಯರ ಹತ್ತಿರ ಹೋಗುತ್ತಿದ್ದೆ. ಎಚ್ಚರವಾಗುವ ಹೊತ್ತನ್ನು ಒಂದು ವಾರ ಬರೆದಿಟ್ಟುಕೊಂಡು ಹೋಗಿ. ತೋಟದ ಅನುಭವವನ್ನೂ, ಕೆಮ್ಮನ್ನೂ ಮುಚ್ಚಿಡಬೇಡಿ. ಅಷ್ಟು ದೂರ ಪದೇ ಪದೇ ಹೋಗಲು ಆಗದಿದ್ದರೆ ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡಬಹುದು. ಅಲ್ಲಿ ಪರಿಚಯದವರು ಕಂಡರೆ ಎಂಬ ಸಂಕೋಚ ಇರುತ್ತದೆ, ಗೊತ್ತು. ಸಣ್ಣ ಜಿಲ್ಲೆ, ಎಲ್ಲರಿಗೂ ಎಲ್ಲರ ಮನೆಹೆಸರು ಗೊತ್ತು. ಆದರೂ ಹೋಗಿ.

ಜೊತೆಗೆ ಮಾತಿನ ಚಿಕಿತ್ಸೆ ಬೇಕು. ಅದರಲ್ಲೂ ಅಪ್ಪನ ವಿಷಯಕ್ಕೆ. ಆನ್‌ಲೈನ್ ಮಾಡಬಹುದು, ಆದರೆ ಮಳೆಗಾಲದಲ್ಲಿ ನಿಮ್ಮ ಕಡೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಅಳುತ್ತಿರುವಾಗ ಕಾಲ್ ಕಟ್ ಆದರೆ ಬಹಳ ಕಷ್ಟ. ಮೊದಲ ಒಂದೆರಡು ಸಲ ಎದುರೇ ಕೂತು ಮಾತಾಡಿ. ಥೆರಪಿಸ್ಟ್ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಆನ್‌ಲೈನ್‌ನಲ್ಲೇ ನೋಡಬಹುದು. ಕೇಳಿದ್ದಕ್ಕೆ ಸಿಟ್ಟಾದರೆ ಬೇರೆಯವರನ್ನು ಹುಡುಕಿ. ಹೀಲರ್, ಕೋಚ್, ಫೆಸಿಲಿಟೇಟರ್ ಎಂಬ ಹೆಸರುಗಳನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಅಪ್ಪನ ಬೀರು ನೀವು ಸುಮ್ನೆ ಬರೆದದ್ದಲ್ಲ ಎಂದು ನನ್ನ ಅನಿಸಿಕೆ. ಜಾನ್ ವೆಲ್‌ವುಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಒಂದು ವಿಷಯ ಗುರುತಿಸಿದರು. ಅವರೂ ಇದೇ ಟ್ರಾನ್ಸ್‌ಪರ್ಸನಲ್ ಧಾರೆಯವರು. ಎದುರಿಸಲಾಗದ ನೋವು, ಮುಗಿಸದ ಕೆಲಸ ಇದ್ದಾಗ ಜನ ಆಧ್ಯಾತ್ಮದ ದಾರಿ ಹಿಡಿದು ಆ ನೋವನ್ನು ತಪ್ಪಿಸಿ ಸುತ್ತಿ ಹೋಗುತ್ತಾರೆ ಎಂದು. ನಿಮ್ಮ ಅನುಭವ ಸುಳ್ಳು ಎನ್ನುತ್ತಿಲ್ಲ. ಆದರೆ ಅದರ ಬೆನ್ನು ಹತ್ತಿ ಮಡಿಕೇರಿಗೆ ಹೋಗುವುದು ಅಪ್ಪನ ಕೋಣೆಗೆ ಹೋಗುವುದಕ್ಕಿಂತ ಸುಲಭ ಇರಬಹುದು. ಬೀರು ತೆಗೆಯುವುದಾದರೆ ಒಬ್ಬರೇ ತೆಗೆಯಬೇಡಿ, ಒಂದೇ ದಿನ ಎಲ್ಲವನ್ನೂ ಖಾಲಿ ಮಾಡಬೇಡಿ. ಮಗ ರಜೆಗೆ ಬಂದಾಗ ಜೊತೆಗೆ ಕೂರಿಸಿಕೊಳ್ಳಿ. ಒಂದು ಖಾನೆ ಸಾಕು. ಅವರ ಸ್ವೆಟರ್, ಔಷಧಿ ಚೀಟಿ, ಕಾಫಿ ಮಾರಿದ ಹಳೇ ರಸೀದಿ, ಏನೇ ಸಿಗಲಿ, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಅಲ್ಲೇ ತೀರ್ಮಾನಿಸಬೇಕಾಗಿಲ್ಲ. ಕಾರಣರಿಗೆ ಮೀದಿ ಇಡುವ ದಿನ ಅಪ್ಪನಿಗೆ ಇಷ್ಟವಾದದ್ದನ್ನು ನೀವೇ ಕೈಯಾರೆ ಮಾಡಿ ಇಡಿ. ನನ್ನ ಅನುಭವದಲ್ಲಿ ಹಿರಿಯರು ಇಟ್ಟುಹೋದ ಇಂಥ ಪದ್ಧತಿಗಳು ದುಃಖಕ್ಕೆ ಒಂದು ದಿನ, ಒಂದು ಜಾಗ ಕೊಡುತ್ತವೆ, ಅದೇ ದೊಡ್ಡ ಉಪಕಾರ.

ಧ್ಯಾನ ಮಾಡಬಹುದಾ ಎಂದರೆ, ಮಾಡಬಹುದು. ಹತ್ತು ಹದಿನೈದು ನಿಮಿಷ, ಮಾಮೂಲಿ ಉಸಿರು ಗಮನಿಸುತ್ತಾ, ಇಲ್ಲವೇ ತೋಟದಲ್ಲಿ ನಡೆಯುತ್ತಾ. ಹತ್ತು ದಿನ ಮೌನವಾಗಿ ಕೂರುವಂಥ ಶಿಬಿರಗಳು ಈಗ ಬೇಡ. ನಿದ್ದೆ ಇಲ್ಲದ ಮನಸ್ಸಿಗೆ ದೀರ್ಘ ಧ್ಯಾನ ಕೆಲವೊಮ್ಮೆ ಭಯ, ತಾನು ತಾನಲ್ಲ ಎನ್ನುವ ಭಾವ ಹೆಚ್ಚಿಸುತ್ತದೆ. ಆ ಹತ್ತು ನಿಮಿಷವನ್ನು ಮತ್ತೆ ತರಿಸಿಕೊಳ್ಳಲು ದಿನಾ ಅದೇ ಜಾಗದಲ್ಲಿ ಹೋಗಿ ನಿಲ್ಲುವುದೂ ಬೇಡ. ಬಂದರೆ ಬರಲಿ.

ಇದು ನಿಮಗೆ ಅಗತ್ಯವಿಲ್ಲದಿರಬಹುದು, ಆದರೂ ಕೊಡಗಿನಲ್ಲಿ ನಾನು ಎಲ್ಲರಿಗೂ ಹೇಳುತ್ತೇನೆ. ಮನಸ್ಸು ಕುಗ್ಗಿದ ಕಾಲದಲ್ಲಿ ಮನೆಯ ಕೋವಿಯನ್ನು ಕುಟುಂಬದ ಬೇರೆ ಮನೆಯಲ್ಲಿ ಇಡಿ. ತೋಟಕ್ಕೆ ಹೊಡೆಯುವ ಔಷಧಿ ಇರುವ ಕೋಣೆಗೆ ಬೀಗ ಹಾಕಿ, ಕೀಲಿ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಇರಲಿ. ಬದುಕು ಬೇಡ ಎನ್ನುವ ಯೋಚನೆ ಒಮ್ಮೆ ಬಂದರೂ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಯವರಿಗೆ ಈ ಉತ್ತರ ಓದಲು ಕೊಡಿ. 'ತಲೆ ಕೆಟ್ಟಿದೆ' ಎಂಬ ಮಾತಿನ ಹಿಂದೆ ಅವರಿಗೂ ಹೆದರಿಕೆ ಇರಬೇಕು. ವಾರಕ್ಕೆ ಐದು ದಿನ ದೂರ ಇರುವವರು ಅವರು. ಮುಂದಿನ ಡಾಕ್ಟರ್ ಭೇಟಿಗೆ ಜೊತೆಗೆ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ. ತಂಗಿಯ ಮೇಲೆ ಸಿಟ್ಟು ಬೇಡ. ನಿಮ್ಮ ಮಾತನ್ನು ಗೇಲಿ ಮಾಡದೆ ಕೇಳಿದವಳು ಅವಳೊಬ್ಬಳೇ.

ಶಿಬಿರಕ್ಕೆ ಈ ಸಲ ಹೋಗಬೇಡಿ. ನಡೆಸುವವರಿಗೆ ಒಂದು ವಾಟ್ಸಾಪ್ ಕಳಿಸಿ: 'ಚಿಕಿತ್ಸೆಯಲ್ಲಿದ್ದೇನೆ, ಬರಲಾಗುವುದಿಲ್ಲ, ಮುಂಗಡ ವಾಪಸ್ ಕಳಿಸಿ.' ಕಾರಣ ವಿವರಿಸಲು ಹೋಗಬೇಡಿ, ಫೋನ್ ಮಾಡಿ ಒಪ್ಪಿಸಲು ಬಂದರೆ ಎತ್ತಬೇಡಿ. ಮಾತ್ರೆ ನಿಲ್ಲಿಸಿ ಎಂದು ಅವರು ಸಂದೇಶದಲ್ಲಿ ಬರೆದಿದ್ದರೆ ಅದನ್ನು ಅಳಿಸದೆ ಇಟ್ಟುಕೊಂಡು ನಿಮ್ಮ ಡಾಕ್ಟರಿಗೆ ತೋರಿಸಿ. ದುಡ್ಡು ವಾಪಸ್ ಬಾರದಿದ್ದರೆ 5,000 ಹೋಯಿತು ಎಂದುಕೊಳ್ಳಿ, ಉಳಿದ 23,000ದಲ್ಲಿ ಕೆಲವು ತಿಂಗಳ ಥೆರಪಿಯ ಖರ್ಚು ಬರುತ್ತದೆ.